ಟೈಮರ್ ತಗೊಳ್ಳೋ ಮುಂಚೆ ಸ್ವಿಚ್ ಬಾಕ್ಸಲ್ಲಿ ನ್ಯೂಟ್ರಲ್ ಇದ್ಯಾ ನೋಡ್ಕೊಳ್ಳಿ

ಎಲ್‌ಇಡಿಗೆ ಎಲೆಕ್ಟ್ರಾನಿಕ್ ಟೈಮರ್ ಹಾಕಿದ್ಮೇಲೆ ಆಫ್ ಇದ್ರೂ ಮಿಣುಕ್ ಮಿಣುಕ್ ಅನ್ನುತ್ತೆ ಅಂತ ಎಲ್ರೂ ಬಲ್ಬನ್ನೇ ಬೈತಾರೆ, ಹೊಸದು ತರ್ತಾರೆ, ಅದೂ ಹಂಗೇ ಮಾಡುತ್ತೆ. ಬೆಂಗಳೂರಲ್ಲಿ ನಮ್ಮನೆ ಗೇಟಿಗೊಂದು ಮೆಟ್ಟಿಲಿಗೊಂದು 9 ವ್ಯಾಟಿನ ಬಲ್ಬ್ ಇದೆ, ಎರಡಕ್ಕೂ ಟೈಮರ್ ನಾನೇ ಹಾಕಿದ್ದು, ಗೇಟಿಂದು ಮೊದ್ಲಿಂದ್ಲೂ ಸರಿ ಇದೆ, ಮೆಟ್ಟಿಲಿಂದೇ ತರ್ಲೆ.

ವಿಷ್ಯ ಏನಪ್ಪಾ ಅಂದ್ರೆ ಮಾಮೂಲಿ ಸ್ವಿಚ್ ಜಾಗದಲ್ಲಿ ಕೂರೋ ಎರಡು ವೈರಿನ ಟೈಮರಿಗೆ ನ್ಯೂಟ್ರಲ್, ಅಂದ್ರೆ ಕರೆಂಟ್ ವಾಪಸ್ ಹೋಗೋ ವೈರ್, ಸಿಗಲ್ಲ, ಆದ್ರೆ ಒಳಗಿನ ಸರ್ಕ್ಯೂಟ್ ಓಡೋಕೆ ಕರೆಂಟ್ ಬೇಕೇ ಬೇಕು, ಸೋ ಬಲ್ಬ್ ಮೂಲಕನೇ ಚೂರು ಚೂರು ಎಳ್ಕೊಳ್ಳುತ್ತೆ. ಗುಂಡು ಬಲ್ಬ್ ಕಾಲದಲ್ಲಿ ಇದು ಗೊತ್ತೇ ಆಗ್ತಿರ್ಲಿಲ್ಲ, 60 ವ್ಯಾಟಿನ ಫಿಲಮೆಂಟಲ್ಲಿ ಎರಡ್ಮೂರು ಮಿಲಿಆಂಪ್ ಹರಿದ್ರೆ ಅದು ಕೆಂಪಗೂ ಆಗಲ್ಲ. ಎಲ್‌ಇಡಿ, ಸಿಎಫ್‌ಎಲ್ ಒಳಗೆ ಚಾರ್ಜ್ ಹಿಡಿದಿಟ್ಕೊಳ್ಳೋ ಕೆಪಾಸಿಟರ್ ಇರುತ್ತಲ್ಲ, ಸೋರಿ ಬಂದ ಕರೆಂಟ್ ಅದ್ರಲ್ಲಿ ತುಂಬ್ತಾ ತುಂಬ್ತಾ ಡ್ರೈವರ್ (ಬಲ್ಬ್ ಉರಿಸೋ ಸರ್ಕ್ಯೂಟ್) ಏಳೋವಷ್ಟಾದಾಗ ಫಕ್ ಅಂತ ಒಂದ್ಸಲ ಬೆಳಗಿ ಖಾಲಿ ಆಗುತ್ತೆ, ಮತ್ತೆ ತುಂಬುತ್ತೆ. ಕೆಂಪು ಇಂಡಿಕೇಟರ್ ಇರೋ ಸ್ವಿಚ್ಚಲ್ಲೂ ಇದೇ ಕತೆ. ಫೇಸ್ (ಕರೆಂಟ್ ಬರೋ ವೈರ್) ಬದ್ಲು ನ್ಯೂಟ್ರಲ್ ವೈರಿಗೆ ಸ್ವಿಚ್ ಕೊಟ್ಟಿದ್ರೂ ಮಂಕಾಗಿ ಉರೀಬಹುದು, ಅದು ಮಾತ್ರ ಡೇಂಜರ್, ಆಫ್ ಇದ್ರೂ ಹೋಲ್ಡರಲ್ಲಿ ಫೇಸ್ ಇರುತ್ತೆ, ಟೆಸ್ಟರ್ ಇಟ್ಟು ನೋಡಿ.

ಮೆಟ್ಟಿಲ ಹತ್ರ ನ್ಯೂಟ್ರಲ್ ಎಳೀಬೇಕಂದ್ರೆ ಗೋಡೆ ಒಡೀಬೇಕಿತ್ತು, ಹಾಗಾಗಿ ಮೇನ್ ಆಫ್ ಮಾಡಿ ಬಲ್ಬಿಗೆ ಪ್ಯಾರಲಲ್ ಆಗಿ, ಅಂದ್ರೆ ಅದರ ಎರಡು ವೈರಿನ ನಡುವೆ, 0.1 ಮೈಕ್ರೋಫ್ಯಾರಡಿಂದು ಒಂದು ಕೆಪಾಸಿಟರ್ ಹಾಕ್ದೆ, 275 ವೋಲ್ಟ್ ಎಸಿ, ಮೇಲೆ ಎಕ್ಸ್2 ಅಂತ ಬರೆದಿರ್ಬೇಕು, ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದ್ರೆ ಕೊಡ್ತಾರೆ. ಸೋರೋ ಕರೆಂಟಿಗೆ ಈಗ ಬೇರೆ ದಾರಿ ಸಿಕ್ತು, ಬಲ್ಬ್ ಒಳಗೆ ಅಷ್ಟೆಲ್ಲಾ ತುಂಬೋದೇ ಇಲ್ಲ, ಮಿಣುಕೂ ಇಲ್ಲ. ಕೈಗೆ ಸಿಕ್ಕಿದ ಕೆಪಾಸಿಟರ್ ಹಾಕ್ಬೇಡಿ ಆಯ್ತಾ, ಎಕ್ಸ್2 ಮೇನ್ಸ್ ಮೇಲೇ ಕೂರೋಕೆ ಅಂತ ಮಾಡಿರೋದು. ವೈರಿಂಗ್ ಅಭ್ಯಾಸ ಇಲ್ದೋರು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಗೇಟ್ ಲೈಟಿಗೆ ಮೇನ್ ಬೋರ್ಡಲ್ಲಿ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ಟ್ರಿಪ್ ಆಗೋ ಸ್ವಿಚ್) ಪಕ್ಕ ಕೂರೋ ಟೈಮರ್ ಹಾಕಿದೀನಿ, ಅಲ್ಲಿ ಫೇಸ್ ನ್ಯೂಟ್ರಲ್ ಎರಡೂ ಸಿಗುತ್ತೆ, ಒಳಗೆ ರಿಲೇ, ಅಂದ್ರೆ ಕರೆಂಟಿಂದ ಓಡೋ ಸ್ವಿಚ್, ಇದೆ, ಟಕ್ ಅಂತ ಪೂರ್ತಿ ಕಟ್. ಮೇಲೆ 16 ಆಂಪ್ಸ್ ಅಂತ ಇದ್ರೂ ಅದು ಹೀಟರ್ ಥರದ ಲೋಡಿನ ಲೆಕ್ಕ, ಎಲ್‌ಇಡಿ ಆನ್ ಆಗೋ ಕ್ಷಣ ಕರೆಂಟ್ ಜೋರಾಗಿ ನುಗ್ಗುತ್ತೆ, ಹತ್ತಿಪ್ಪತ್ತು ಬಲ್ಬ್ ಒಟ್ಟಿಗೆ ಕೊಟ್ರೆ ರಿಲೇ ಒಳಗಿನ ಕಾಂಟ್ಯಾಕ್ಟ್ ಅಂಟ್ಕೊಂಡ್ಬಿಡಬಹುದು, ಅಂಥ ಕಡೆ ನಡುವೆ ಕಾಂಟ್ಯಾಕ್ಟರ್ (ಜಾಸ್ತಿ ಲೋಡ್ ತಡೆಯೋ ದೊಡ್ಡ ರಿಲೇ) ಹಾಕೋದು ಒಳ್ಳೇದು. ಬ್ಯಾಟರಿ ಬ್ಯಾಕಪ್ ಇರೋದನ್ನೇ ತಗೊಳ್ಳಿ, ಪಿನ್ ಒತ್ತೋ ಮೆಕ್ಯಾನಿಕಲ್ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತ್ಬಿಡುತ್ತೆ, ಎರಡು ಗಂಟೆ ಪವರ್ ಕಟ್ ಆದ್ರೆ ಅವತ್ತಿಂದ ಲೈಟು ಎರಡು ಗಂಟೆ ಲೇಟು.

ಬಿಲ್ ಉಳಿಯುತ್ತೆ ಅಂತ ಹಾಕೋರಿಗೆ ಒಂದು ಮಾತು. 60 ವ್ಯಾಟ್ ತೆಗೆದು 9 ಹಾಕಿದ್ರಲ್ಲೇ ಉಳಿತಾಯ ಇರೋದು, ದಿನಕ್ಕೆ 12 ಗಂಟೆ ಉರಿದ್ರೆ ತಿಂಗಳಿಗೆ 21 ಯೂನಿಟ್ ಚಿಲ್ಲರೆ ಆಗ್ತಿದ್ದಿದ್ದು ಮೂರೂ ಕಾಲಿಗೆ ಇಳಿಯುತ್ತೆ. ಆಮೇಲೆ ಟೈಮರ್ ರಾತ್ರಿ ಹನ್ನೊಂದಕ್ಕೇ ಆರಿಸಿದ್ರೆ ಇನ್ನೊಂದೆರಡು ಯೂನಿಟ್, ಅಷ್ಟೇ. ನಾನು ಹಾಕಿದ್ದು ಊರಿಗೆ ಹೋದಾಗ ಮನೆ ಕತ್ಲೆ ಇರ್ಬಾರ್ದು ಅಂತ.

ಇಲ್ಲಿ ನವೆಂಬರಲ್ಲಿ ಆರಕ್ಕೆ ಮುಂಚೆನೇ ಸೂರ್ಯ ಮುಳುಗ್ತಾನೆ, ಜುಲೈಲಿ ಏಳರ ಹತ್ರ, ಅದಕ್ಕೆ ಟೈಮ್ ಆಗಾಗ ಹಿಂದೆ ಮುಂದೆ ಮಾಡ್ತೀನಿ. ಊರಿನ ಅಕ್ಷಾಂಶ ರೇಖಾಂಶ ಕೊಟ್ರೆ ತಾನೇ ಲೆಕ್ಕ ಹಾಕ್ಕೊಳ್ಳೋ ಟೈಮರೂ ಬರುತ್ತೆ, ರೇಟ್ ಜಾಸ್ತಿ, ಎರಡು ಬಲ್ಬಿಗೆ ಅದು ದಂಡ ಅಂತ ಬಿಟ್ಟಿದೀನಿ.