ನೆಟ್‌ವರ್ಕ್ ಸಿಗದ ತೋಟಕ್ಕೆ ಸಾಫ್ಟ್‌ವೇರ್

ನಾನು ಪಿಎಚ್‌ಡಿ ಮಾಡಿದ್ದು ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್‌ನಲ್ಲಿ. ಸಂಪರ್ಕ ತಪ್ಪಿದ ಕಂಪ್ಯೂಟರ್‌ಗಳು ಕೊನೆಗೆ ಒಂದೇ ಲೆಕ್ಕಕ್ಕೆ ಬರುವುದು ಹೇಗೆ ಅನ್ನೋದೇ ನನ್ನ ಕೆಲಸ. ಬೆಂಗಳೂರಿನ ಲ್ಯಾಬಿನಲ್ಲಿ ಸಂಪರ್ಕ ತಪ್ಪಿಸಲು ನಾವೇ ಬೇಕಂತ ಕೇಬಲ್ ಕೀಳಬೇಕಿತ್ತು. ಕೊಡಗಿನ ಗೋಣಿಕೊಪ್ಪ ಕಡೆಯ ಕಾಫಿ ತೋಟಗಳಲ್ಲಿ ಆ ಶ್ರಮ ಇಲ್ಲ. ಗೇಟು ದಾಟಿದರೆ ಸಾಕು, ಸಿಗ್ನಲ್ ತಾನಾಗೇ ಹೋಗುತ್ತದೆ.

ಊರಿಗೆ ಬಂದು ಕಂಪನಿ ಶುರು ಮಾಡುತ್ತೇನೆ ಅಂದಾಗ ಹೆಚ್ಚಿನವರು ಹೋಂಸ್ಟೇ ಬುಕಿಂಗ್ ಆಪ್ ಮಾಡು ಅಂದರು. ಕೊಡಗು ಅಂದ್ರೆ ಅದೇ ತಾನೇ ನೆನಪಾಗೋದು! ನಾನು ಹಿಡಿದದ್ದು ಕಾಫಿ ಹಣ್ಣಿನ ತೂಕವನ್ನು ಫೋನಿನಲ್ಲೇ ಬರೆದಿಡುವ ಆಪ್.

ಇಲ್ಲಿನ ರೋಬಸ್ಟಾ ತಳಿಯ ಕಾಫಿ ಕೊಯ್ಲು ಹೆಚ್ಚಾಗಿ ಡಿಸೆಂಬರ್‌ನಿಂದ ಫೆಬ್ರವರಿ ತನಕ. ಕೊಯ್ದ ಹಣ್ಣಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಸಂಜೆ ತೂಕ ಆಗುತ್ತದೆ, ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಬರೆದುಕೊಳ್ಳುತ್ತಾರೆ. ದೊಡ್ಡ ತೋಟದಲ್ಲಿ ಎರಡು ಮೂರು ಕಡೆ ತೂಕ ನಡೆಯುವುದೂ ಉಂಟು. ಅಂದರೆ ಎರಡು ಮೂರು ಫೋನ್. ಒಂದಕ್ಕೆ ಇನ್ನೊಂದರ ಸುದ್ದಿ ಗೊತ್ತಿಲ್ಲ. ಕೆಲವು ಫೋನ್‌ಗಳಲ್ಲಿ ತಾರೀಖೂ ತಪ್ಪಿರುತ್ತದೆ.

ಕಂಪ್ಯೂಟರಿನ ಗಡಿಯಾರ ನಂಬದೆ, ಯಾವುದರ ನಂತರ ಯಾವುದು ನಡೆಯಿತು ಅನ್ನೋದನ್ನು ಎಣಿಕೆಯಿಂದಲೇ ಹಿಡಿಯುವ ದಾರಿಯನ್ನು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ತೋರಿಸಿದ್ದರು. ಪ್ರತಿ ನಮೂದಿಗೂ ಒಂದು ಸಂಖ್ಯೆ. ಬೇರೆ ಫೋನಿನ ನಮೂದು ಬಂದಾಗ ಎರಡರಲ್ಲಿ ದೊಡ್ಡ ಸಂಖ್ಯೆ ತಗೊಂಡು ಅದಕ್ಕೆ ಒಂದು ಸೇರಿಸುವುದು, ಅಷ್ಟೇ. ಇದನ್ನು ಹಾಗೇ ಬಳಸಿದೆ.

ತೂಕದ ಲೆಕ್ಕ ಸುಲಭ. 40 ಕೆಜಿಗೆ 25 ಸೇರಿಸಿದರೂ, 25ಕ್ಕೆ 40 ಸೇರಿಸಿದರೂ ಒಂದೇ. ಒಂದೇ ನಮೂದು ಎರಡು ಸಲ ಸೇರದಂತೆ ನೋಡಿಕೊಂಡರೆ ಆಯಿತು. ಕಷ್ಟ ಇರೋದು ಕೂಲಿಗೆ ಮೊದಲೇ ಕೊಡುವ ಅಡ್ವಾನ್ಸ್‌ನಲ್ಲಿ. ಒಬ್ಬರಿಗೆ 2,000 ರೂಪಾಯಿ ಮಿತಿ ಇಟ್ಟುಕೊಳ್ಳಿ. ಸಂಪರ್ಕ ಇಲ್ಲದ ಎರಡು ಫೋನ್‌ಗಳಲ್ಲೂ ಒಂದೊಂದು 2,000 ಕೊಟ್ಟುಬಿಡಬಹುದು, ಅಲ್ವಾ? ಕಂಪ್ಯೂಟರ್ ವಿಜ್ಞಾನಿ ಎರಿಕ್ ಬ್ರೂವರ್ 2000ನೇ ಇಸವಿಯಲ್ಲಿ ಹೇಳಿದ್ದು ಇದೇ ಕಷ್ಟ. 2002ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಅನ್ನೋ ಇಬ್ಬರು ಸಂಶೋಧಕರು ಅದಕ್ಕೆ ಪುರಾವೆ ಕೊಟ್ಟರು: ಸಂಪರ್ಕ ಕಡಿದಾಗ ಒಂದೋ ಸರಿಯಾದ ಲೆಕ್ಕ, ಇಲ್ಲವೇ ತಕ್ಷಣದ ಉತ್ತರ. ಎರಡೂ ಒಟ್ಟಿಗೆ ಸಿಗುವ ಖಾತ್ರಿ ಇಲ್ಲ. ಹಾಗಾಗಿ ತೂಕವನ್ನು ಯಾವ ಫೋನಿನಲ್ಲಾದರೂ ಬರೆಯಬಹುದು, ಅಡ್ವಾನ್ಸ್ ಮಾತ್ರ ರೈಟರ್ ಫೋನಿನಲ್ಲಿ ಅಂತ ಇಟ್ಟೆ. ಇದನ್ನು ವಿವರಿಸಲು ಹೋದಾಗ ಒಬ್ಬ ಹಳೇ ರೈಟರ್ ನಕ್ಕರು. ಅವರಲ್ಲಿ ಅಡ್ವಾನ್ಸ್ ಪುಸ್ತಕ ಮೊದಲಿನಿಂದಲೂ ಒಂದೇ. ತಪ್ಪು ಬರೆದರೆ ಅಳಿಸುವುದೂ ಇಲ್ಲ, ಗೀಟು ಹಾಕಿ ಪಕ್ಕದಲ್ಲಿ ಸಹಿ. ನಮ್ಮ ಡೇಟಾಬೇಸ್‌ನಲ್ಲೂ ಈಗ ಅದೇ ನಿಯಮ: ಹಳೆಯ ಸಾಲು ತಿದ್ದುವಂತಿಲ್ಲ, ಹೊಸ ಸಾಲು ಸೇರಿಸಬೇಕು.

ಇಷ್ಟೆಲ್ಲ ಮಾಡಿದರೂ ಕೊಯ್ಲಿನವರು ನಂಬಿದ್ದು ಲ್ಯಾಂಪೋರ್ಟ್‌ನನ್ನಲ್ಲ, ಚೀಟಿಯನ್ನು. ಸಣ್ಣ ಬ್ಲೂಟೂತ್ ಪ್ರಿಂಟರ್‌ನಿಂದ ತೂಕದ ಚೀಟಿ ಅಲ್ಲೇ ಕೈಗೆ ಬಂದ ಮೇಲೆ ಜಗಳ ಕಡಿಮೆಯಾಯಿತು. ಹೆಸರಿನ ಬದಲು ಫೋಟೋ ಇಟ್ಟಿದ್ದೂ ಉಪಯೋಗಕ್ಕೆ ಬಂತು. ತಮಿಳು, ಮಲಯಾಳಂ, ಅಸ್ಸಾಮಿ ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಬಟನ್‌ಗಳು ದೊಡ್ಡದಾಗಿರಲೇಬೇಕು, ಹಣ್ಣಿನ ಅಂಟು ಹಿಡಿದ ಬೆರಳಿಗೆ ಸ್ಕ್ರೀನ್ ಸರಿಯಾಗಿ ಸ್ಪಂದಿಸುವುದಿಲ್ಲ.

ಹಣದ ವಿಷಯಕ್ಕೆ ಬಂದರೆ, ತಿಂಗಳ ಚಂದಾ ಇಲ್ಲಿ ನಡೆಯುವುದಿಲ್ಲ. ಬೆಳೆಗಾರರ ಕೈಗೆ ದುಡ್ಡು ಬರುವುದು ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಮೂಟೆ, ಮಾರಿದಾಗ. ಅದಕ್ಕೇ ಕೊಯ್ಲು ಮುಗಿದ ಮೇಲೆ, ವರ್ಷಕ್ಕೊಂದೇ ಬಿಲ್. ಆ ದುಡ್ಡಲ್ಲೇ ನಾವು ಇಡೀ ವರ್ಷ ಸಂಬಳ ಕೊಡಬೇಕು. ಜೂನ್‌ನಿಂದ ಆಗಸ್ಟ್ ತನಕ ಹೊಸ ಕೋಡ್ ಬರೆಯುವ ಕಾಲ. ಹೊರಗೆ ಮಳೆ, ಒಳಗೆ ಇನ್ವರ್ಟರ್.

ಈಗ ಕರಿಮೆಣಸಿಗೂ ಬೇಕು ಅನ್ನುತ್ತಿದ್ದಾರೆ. ಕೆಲವು ತೋಟಗಳಲ್ಲಿ ಮೆಣಸಿನ ತೂಕ ಒಬ್ಬರ ಹೆಸರಿಗೆ ಬರೆಯುವುದಿಲ್ಲ, ಗುಂಪಿನ ಹೆಸರಿಗೆ. ಏಣಿ ಹತ್ತುವವರಿಗೂ ಕೆಳಗೆ ಆಯುವವರಿಗೂ ಪಾಲು ಹಂಚುವ ಲೆಕ್ಕ ತೋಟದಿಂದ ತೋಟಕ್ಕೆ ಬೇರೆ. ಸದ್ಯ ರೈಟರ್‌ಗಳ ಹಳೇ ಪುಸ್ತಕ ಇಸ್ಕೊಂಡು ಓದುತ್ತಿದ್ದೇನೆ.