ಕಚೇರಿ ಪತ್ರದ ಕರಡು ತಿದ್ದುವುದನ್ನು ಕಲಿಸುವ ಬಗೆ

ವಿಜಯಪುರದ ಕಾಲೇಜುಗಳಲ್ಲಿ ಕಚೇರಿ ಪತ್ರವ್ಯವಹಾರ ಕಲಿಸುವವರು ವಿದ್ಯಾರ್ಥಿಗಳಿಗೆ ಮೊದಲು ಅವರದೇ ಬರಹವನ್ನು ತಿದ್ದಲು ಕೊಡಬಾರದು. ತಾವೇ ಬರೆದ ಸಾಲು ತಪ್ಪಿದ್ದರೂ ಕಣ್ಣು ಅದನ್ನು ಸರಿಯಾಗಿಯೇ ಓದಿಕೊಂಡು ಹೋಗುತ್ತದೆ. ಬೇರೆಯವರ ಕರಡನ್ನು ಮುದ್ರಿಸಿ ಹಂಚಿ, ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವಾಗ ಇನ್ನೊಬ್ಬರು ಪ್ರತಿಯ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕುವಂತೆ ಜೋಡಿಗಳನ್ನು ಮಾಡಿ.

ಮೊದಲ ಓದು ಸಂಗತಿಗಳಿಗೇ ಮೀಸಲಾಗಿರಲಿ. ದಿನಾಂಕಕ್ಕೂ ವಾರಕ್ಕೂ ಹೊಂದುತ್ತದೆಯೇ, ಉಲ್ಲೇಖದಲ್ಲಿರುವ ಪತ್ರದ ಸಂಖ್ಯೆ ಸರಿಯೇ, ಅಡಕಗಳೆಂದು ಹೇಳಿದ ಕಾಗದಗಳೆಲ್ಲ ಜೊತೆಗಿವೆಯೇ ಎಂಬುದನ್ನು ನೋಡಲಿ. ಅಂಕಿಯಲ್ಲಿ ₹1,25,000 ಎಂದಿದ್ದು ಅಕ್ಷರದಲ್ಲಿ ‘ಒಂದು ಲಕ್ಷ ಇಪ್ಪತ್ತು ಸಾವಿರ’ ಎಂದಿರುವ ಕರಡೊಂದನ್ನು ಬೇಕೆಂದೇ ಕೊಟ್ಟು ನೋಡಿ. ಕಾಗುಣಿತದಲ್ಲಿ ಚುರುಕಾದವರೂ ಇಲ್ಲಿ ಎಡವುತ್ತಾರೆ. 2014ರ ನವೆಂಬರ್ 1ರಂದು ಬಿಜಾಪುರದ ಅಧಿಕೃತ ಹೆಸರು ವಿಜಯಪುರವಾಯಿತು. ಹಳೆಯ ಮಾದರಿಯಿಂದ ನಕಲಿಸಿದ ಪತ್ರದಲ್ಲಿ ತಲೆಬರಹಕ್ಕೆ ಒಂದು ಹೆಸರು, ವಿಳಾಸಕ್ಕೆ ಇನ್ನೊಂದು ಉಳಿದುಬಿಡುವುದುಂಟು.

ಎರಡನೆಯ ಓದಿನಲ್ಲಿ ಅಕಾರ-ಹಕಾರ, ಅಲ್ಪಪ್ರಾಣ-ಮಹಾಪ್ರಾಣಗಳನ್ನು ಗಮನಿಸಿದರೆ ಸಾಕು. ಆದರೆ ನುಡಿ ತಂತ್ರಾಂಶದ ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಕಡತವಾದರೆ ಅರ್ಕಾವತ್ತು, ಒತ್ತಕ್ಷರಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಬೇಕು.

ತಿದ್ದುಪಡಿಗಳೆಲ್ಲ ಸೇರಿದ ಮೇಲೆ ಪಿಡಿಎಫ್ ಮಾಡಿ, ಕರಡಿನ ಕೆಂಪು ಗುರುತುಗಳೊಂದಿಗೆ ಅದನ್ನು ಸಾಲು ಸಾಲಾಗಿ ತಾಳೆ ನೋಡಿ, ಆ ಬಳಿಕವೇ ಸಹಿಗೆ ಇಡುವುದನ್ನು ರೂಢಿಸಿ.