ಆಟದ ಮಧ್ಯೆ ಡೆಸ್ಕ್‌ಟಾಪ್ ಬರುತ್ತಿತ್ತು, ಕಾರಣ ನನ್ನ ಕಿರುಬೆರಳು

ಫುಲ್‌ಸ್ಕ್ರೀನ್‌ನಲ್ಲಿ ಆಟ ನಡೀತಿರುವಾಗಲೇ ಅದು ಕೆಳಗಿಳಿದು ಡೆಸ್ಕ್‌ಟಾಪ್ ಕಾಣಿಸುತ್ತಿತ್ತು. ಗ್ರಾಫಿಕ್ಸ್ ಡ್ರೈವರ್ ಕೆಟ್ಟಿರಬೇಕು ಅಂದುಕೊಂಡು ಎರಡು ಸಲ ಹೊಸದಾಗಿ ಹಾಕಿದೆ. ಪ್ರಯೋಜನ ಆಗಲಿಲ್ಲ. ಕೊನೆಗೆ ಕೀಬೋರ್ಡ್ ಪಕ್ಕ ಫೋನ್ ನಿಲ್ಲಿಸಿ ನನ್ನ ಎಡಗೈಯ ವಿಡಿಯೊ ಮಾಡಿದೆ. ಬಗ್ಗಿ ನಡೆಯಲು ಕಂಟ್ರೋಲ್ ಒತ್ತುವಾಗ ಕಿರುಬೆರಳು ಪಕ್ಕದ ವಿಂಡೋಸ್ ಕೀಗೂ ತಾಗುತ್ತಿತ್ತು.

ನಿಮಗೂ ಹೀಗೆ ಆಗುತ್ತಿದ್ದರೆ ಮೊದಲು ವಿಡಿಯೊ ಮಾಡಿ ನೋಡಿ. ನನಗೆ ಸಿಕ್ಕಿದ್ದು ಒಂದಲ್ಲ, ಮೂರು ತೊಂದರೆ.

ವಿಂಡೋಸ್ ಕೀಗೆ ಪವರ್‌ಟಾಯ್ಸ್ ಹಾಕಿಕೊಂಡೆ. ಮೈಕ್ರೋಸಾಫ್ಟ್‌ನದೇ ಉಚಿತ ಸಾಫ್ಟ್‌ವೇರ್ ಅದು. ಅದರ ಕೀಬೋರ್ಡ್ ಮ್ಯಾನೇಜರ್‌ನಲ್ಲಿ ಎಡಗಡೆಯ ವಿಂಡೋಸ್ ಕೀಯನ್ನು 'ಡಿಸೇಬಲ್' ಮಾಡಿದೆ. ಬಲಗಡೆಯದನ್ನು ಹಾಗೇ ಬಿಟ್ಟೆ, ಸ್ಟಾರ್ಟ್ ಮೆನು ಬೇಕಲ್ವಾ. ಆದರೂ ಒಂದು ಆಟದಲ್ಲಿ ಮಾತ್ರ ಹಳೇ ಕಾಟ ಮುಂದುವರಿಯಿತು. ಆ ಆಟ ಅಡ್ಮಿನಿಸ್ಟ್ರೇಟರ್ ಆಗಿ, ಅಂದರೆ ಹೆಚ್ಚಿನ ಅಧಿಕಾರದೊಂದಿಗೆ ಓಡುತ್ತಿತ್ತು, ಪವರ್‌ಟಾಯ್ಸ್ ಹಾಗೆ ಓಡುತ್ತಿರಲಿಲ್ಲ. ಅದನ್ನೂ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಮೇಲೆ ಸರಿಹೋಯಿತು. ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳು ಇರುವ ರಿಜಿಸ್ಟ್ರಿಯಲ್ಲೂ ಕೀ ನಿಲ್ಲಿಸಬಹುದು. ಆದರೆ ಪ್ರತಿ ಬದಲಾವಣೆಗೂ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕು, ಹಾಗಾಗಿ ಅತ್ತ ಹೋಗಲಿಲ್ಲ. ಕೆಲವು ಗೇಮಿಂಗ್ ಕೀಬೋರ್ಡ್‌ಗಳಲ್ಲಿ ವಿಂಡೋಸ್ ಕೀಗೆ ಬೀಗ ಹಾಕುವ ಬಟನ್ ಇರುತ್ತದೆ. ಇದ್ದರೆ ಅದೇ ಸುಲಭ.

ಎರಡನೆಯದು ಶಿಫ್ಟ್. ಓಡಲು ಅದನ್ನು ಬೇಗಬೇಗ 5 ಸಲ ಒತ್ತಿದರೆ ಸ್ಟಿಕಿ ಕೀಸ್ ಬೇಕೇ ಎಂದು ಕೇಳುವ ಪೆಟ್ಟಿಗೆ ಮೇಲೆ ಬರುತ್ತದೆ. ಶಿಫ್ಟ್, ಕಂಟ್ರೋಲ್‌ನಂಥ ಕೀಗಳನ್ನು ಹಿಡಿದಿಟ್ಟುಕೊಳ್ಳದೆ ಒಂದಾದ ಮೇಲೊಂದು ಒತ್ತಲು ಬಿಡುವ ಸೌಲಭ್ಯ ಅದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್‌ಗೆ ಹೋಗಿ ಸ್ಟಿಕಿ ಕೀಸ್‌ನ ಶಾರ್ಟ್‌ಕಟ್ ಆಫ್ ಮಾಡಿದೆ. ಒಂದೇ ಕೈಯಲ್ಲಿ ಟೈಪ್ ಮಾಡುವವರಿಗೆ ಈ ಸೌಲಭ್ಯ ತುಂಬಾ ಮುಖ್ಯ. ಕಂಪ್ಯೂಟರನ್ನು ಬೇರೆಯವರೂ ಬಳಸುತ್ತಿದ್ದರೆ ಕೇಳಿಯೇ ತೆಗೆಯಿರಿ.

ಮೂರನೆಯದನ್ನು ಕಂಡುಹಿಡಿಯಲು ಜಾಸ್ತಿ ಹೊತ್ತು ಬೇಕಾಯಿತು. ಕನ್ನಡ ಕೀಬೋರ್ಡ್ ಸೇರಿಸಿಕೊಂಡ ನಮ್ಮಂಥವರಿಗೇ ಬರುವ ತೊಂದರೆ ಇದು. ಎಡ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಪರದೆ ಹಾಗೇ ಇರುತ್ತದೆ, ಆದರೆ ಚಾಟ್‌ನಲ್ಲಿ ಇಂಗ್ಲಿಷ್ ಬದಲು ಕನ್ನಡ ಅಕ್ಷರ ಬೀಳುತ್ತದೆ. ಟೈಪಿಂಗ್ ವಿಭಾಗದ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್' ತೆರೆದು, ಆ ಜೋಡಿಯನ್ನು 'ನಾಟ್ ಅಸೈನ್ಡ್' ಮಾಡಿದೆ. ಕನ್ನಡ ಬೇಕಾದಾಗ ಬಲಗಡೆಯ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತುತ್ತೇನೆ.

ಆಲ್ಟ್ ಟ್ಯಾಬ್ ತಂಟೆಗೆ ಮಾತ್ರ ಹೋಗಲಿಲ್ಲ. ಆಟ ಸಿಕ್ಕಿಹಾಕಿಕೊಂಡಾಗ ಹೊರಗೆ ಬರಲು ಅದು ಬೇಕೇ ಬೇಕು.